ಬೆಂಕಿಯನ್ನು ಕಟ್ಟಿಹಾಕುವ ಕಟ್ಟಡ

1897ರ ಫೆಬ್ರುವರಿ ಕೊನೆಯಲ್ಲಿ ಮೈಸೂರಿನ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಆಗ ಅಲ್ಲಿ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮ. ಟಿಪ್ಪು ಸುಲ್ತಾನನ ಪತನದ ನಂತರ, ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಎದ್ದುನಿಂತಿದ್ದ ಆ ಅರಮನೆಯಲ್ಲಿ ಮರದ್ದೇ ಮೇಲುಗೈ. ಸುಮಾರು ಒಂದು ಶತಮಾನ ಕಾಲ ಒಣಗಿದ ಮರಕ್ಕೆ ಒಮ್ಮೆ ಕಿಚ್ಚು ತಗುಲಿದ ಮೇಲೆ ಅದನ್ನು ತಡೆದು ನಿಲ್ಲಿಸುವುದು ಸಾಧ್ಯವಾಗಲಿಲ್ಲ.

ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಆಗಿನ್ನೂ ಹನ್ನೆರಡರ ಬಾಲಕ. ಅವರ ಹೆಸರಿನಲ್ಲಿ ರಾಜ್ಯಭಾರ ನಡೆಸುತ್ತಿದ್ದವರು ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಹೊಸ ಅರಮನೆಯ ನಕ್ಷೆ ತಯಾರಿಸುವ ಹೊಣೆಯನ್ನು ಶಿಮ್ಲಾದ ವೈಸ್‌ರಾಯ್ ನಿವಾಸವನ್ನು ರೂಪಿಸಿದ್ದ ಹೆನ್ರಿ ಇರ್ವಿನ್‌ಗೆ ವಹಿಸಲಾಯಿತು. ಅದೇ ವರ್ಷ ಆರಂಭವಾದ ಕೆಲಸ ಮುಗಿದದ್ದು 1912ರಲ್ಲಿ. ಆದ ಖರ್ಚು ಸುಮಾರು 41 ಲಕ್ಷ ರೂಪಾಯಿ. ಹೊಸ ಅರಮನೆಯಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣಗಳು ಮುಂದೆ ಬಂದವು. ಕಲ್ಯಾಣ ಮಂಟಪದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ, ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪೆನಿಯಲ್ಲಿ ಎರಕಗೊಂಡು ಹಡಗಿನಲ್ಲಿ ಬಂದವು.

ದಸರೆಗೆ ಬರುವ ಪ್ರವಾಸಿಗರು ಆ ಕಂಬಗಳ ಅಂದವನ್ನು ನೋಡುತ್ತಾರೆ. ಆದರೆ ಅವುಗಳ ಹಿಂದೆ ಮತ್ತೊಂದು ಕಥೆಯಿದೆ. ಸುಟ್ಟ ಮರದ ಜಾಗದಲ್ಲಿ ಕಲ್ಲು, ಕಬ್ಬಿಣಗಳನ್ನು ನಿಲ್ಲಿಸುವುದು ಬೆಂಕಿಯ ಕಾಟಕ್ಕೆ ಅಂದಿನ ಜಗತ್ತು ಕಂಡುಕೊಂಡಿದ್ದ ಉತ್ತರವಾಗಿತ್ತು. ಆ ಉತ್ತರ ಒಂದೇ ದಿನ ಹೊಳೆದದ್ದಲ್ಲ. ಅದು ಪೂರ್ಣವಾದ ಉತ್ತರವೂ ಆಗಿರಲಿಲ್ಲ.

ಸುಮ್ಮನಿದ್ದೇ ಕಾಯುವ ಕಾವಲು

ಕಟ್ಟಡವನ್ನು ಬೆಂಕಿಯಿಂದ ಕಾಪಾಡುವ ಉಪಾಯಗಳಲ್ಲಿ ಎರಡು ಬಗೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವಂಥದು. ಗಂಟೆ ಬಾರಿಸುವುದು, ನೀರು ಎರಚುವುದು, ಅಗ್ನಿಶಾಮಕ ದಳದವರನ್ನು ಕರೆಸುವುದು, ಛಾವಣಿಯಿಂದ ನೀರು ಸುರಿಸುವ ಸ್ಪ್ರಿಂಕ್ಲರ್‌ಗಳನ್ನು ಅಳವಡಿಸುವುದು. ಇಲ್ಲೆಲ್ಲ ಯಾರಾದರೂ ಎಚ್ಚರವಾಗಿರಬೇಕು, ಇಲ್ಲವೇ ಯಾವುದಾದರೂ ಯಂತ್ರ ಕೆಲಸ ಮಾಡಬೇಕು. ತೊಟ್ಟಿಯಲ್ಲಿ ನೀರಿರಬೇಕು, ಪಂಪಿಗೆ ವಿದ್ಯುತ್ ಇರಬೇಕು.

ಎರಡನೆಯ ಬಗೆ ಕಣ್ಣಿಗೆ ಕಾಣುವುದೇ ಅಪರೂಪ. ಅದು ಗೋಡೆಯ ದಪ್ಪದಲ್ಲಿ, ಬಾಗಿಲಿನ ಒಳಹೂರಣದಲ್ಲಿ, ಮೆಟ್ಟಿಲಿನ ಅಗಲದಲ್ಲಿ, ಉಕ್ಕಿನ ಮೇಲಿನ ಕಾಂಕ್ರೀಟಿನಲ್ಲಿ ಅಡಗಿರುತ್ತದೆ. ಯಾರೂ ಗುಂಡಿ ಒತ್ತಬೇಕಾಗಿಲ್ಲ. ನಡುರಾತ್ರಿ ಎಲ್ಲರೂ ನಿದ್ರೆಯಲ್ಲಿದ್ದಾಗಲೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ‘ಪ್ಯಾಸಿವ್’ ರಕ್ಷಣೆ ಎನ್ನುತ್ತಾರೆ. ಸುಮ್ಮನಿದ್ದೇ ಕಾಯುವ ಕಾವಲು ಎಂದರೆ ಅರ್ಥ ಇನ್ನೂ ಸ್ಪಷ್ಟವಾದೀತು. ಬೆಂಕಿಯನ್ನು ಆರಿಸುವುದು ಇದರ ಉದ್ದೇಶವಲ್ಲ. ಹುಟ್ಟಿದ ಕೋಣೆಯಲ್ಲೇ ಅದನ್ನು ಸ್ವಲ್ಪ ಹೊತ್ತು ಕೂಡಿಹಾಕುವುದು, ಆ ಹೊತ್ತಿನಲ್ಲಿ ಒಳಗಿದ್ದವರು ಹೊರಬರಲು ಅವಕಾಶ ಮಾಡಿಕೊಡುವುದು, ಇಷ್ಟೇ ಅದರ ಕೆಲಸ.

ಈ ತತ್ವ ಹಳ್ಳಿಗರಿಗೆ ಹೊಸದೇನಲ್ಲ. ಬಲ್ಲ ರೈತ ಹುಲ್ಲಿನ ಬಣವೆಯನ್ನು ಮನೆಗೆ ತಾಗಿಸಿ ಒಟ್ಟುವುದಿಲ್ಲ; ನಡುವೆ ಬಯಲು ಬಿಡುತ್ತಾನೆ. ಬಿದಿರಿನ ತಡಿಕೆಯ ಮೇಲೆ ಮೆತ್ತಿದ ಮಣ್ಣು ಗಾಳಿಯನ್ನಷ್ಟೇ ಅಲ್ಲ, ಕಿಡಿಯನ್ನೂ ತಡೆಯುತ್ತದೆ. ದೂರ, ಮಣ್ಣು, ಗೋಡೆ: ಈ ಮೂರನ್ನೇ ನಗರಗಳು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಕಲಿತವು. ಪ್ರತಿ ಸಲವೂ ಆ ಪಾಠಕ್ಕೆ ತೆತ್ತ ಶುಲ್ಕ ಮಾತ್ರ ಬಹಳ ದೊಡ್ಡದು.

ಊರಿಗೆ ಊರೇ ಉರಿದಾಗ

ಕ್ರಿ.ಶ. 64ರಲ್ಲಿ ರೋಮ್ ನಗರ ಉರಿಯಿತು. ನೀರೋ ಚಕ್ರವರ್ತಿಯ ಹೆಸರಿನೊಂದಿಗೆ ಪಿಟೀಲಿನ ಕಟ್ಟುಕಥೆಯೊಂದು ಅಂಟಿಕೊಂಡಿದೆ. ಆದರೆ ಬೆಂಕಿಯ ನಂತರ ಅವನು ಮಾಡಿದ ಕಟ್ಟಡ ನಿಯಮಗಳನ್ನು ನೆನೆಯುವವರು ಕಡಿಮೆ. ಇತಿಹಾಸಕಾರ ಟ್ಯಾಸಿಟಸ್ ಅವನ್ನು ದಾಖಲಿಸಿದ್ದಾನೆ. ಬೀದಿಗಳು ಅಗಲವಾಗಬೇಕು, ಕಟ್ಟಡಗಳ ಎತ್ತರಕ್ಕೆ ಮಿತಿ ಇರಬೇಕು, ಅಕ್ಕಪಕ್ಕದ ಎರಡು ಮನೆಗಳಿಗೆ ಒಂದೇ ಗೋಡೆ ಇರಕೂಡದು, ಕಟ್ಟಡದ ಗೊತ್ತಾದ ಭಾಗಗಳನ್ನು ಮರವಿಲ್ಲದೆ ಬೆಂಕಿ ತಾಳುವ ಕಲ್ಲಿನಿಂದಲೇ ಕಟ್ಟಬೇಕು ಎಂಬವು ಆ ನಿಯಮಗಳು. ಎರಡು ಸಾವಿರ ವರ್ಷಗಳ ನಂತರವೂ ಇವುಗಳಲ್ಲಿ ತೆಗೆದುಹಾಕಬೇಕಾದದ್ದು ಹೆಚ್ಚೇನಿಲ್ಲ.

ಲಂಡನ್ನಿನ ಕಥೆ ಇನ್ನಷ್ಟು ವಿವರವಾಗಿದೆ. 1189ರಷ್ಟು ಹಿಂದೆಯೇ ಆ ನಗರದಲ್ಲಿ ನೆರೆಮನೆಗಳ ನಡುವಿನ ಕಲ್ಲಿನ ಗೋಡೆ ಮೂರು ಅಡಿ ದಪ್ಪ, ಹದಿನಾರು ಅಡಿ ಎತ್ತರ ಇರಬೇಕೆಂಬ ಕಟ್ಟಳೆ ಇತ್ತು. 1212ರಲ್ಲಿ ದೊಡ್ಡ ಬೆಂಕಿ ಬಿದ್ದ ಮೇಲೆ ಹುಲ್ಲಿನ ಹೊದಿಕೆಗೆ ನಿಷೇಧ ಬಂತು. ಆದರೂ ಮರ ಅಗ್ಗ, ಕಲ್ಲು ದುಬಾರಿ. ನಾಲ್ಕು ನೂರು ವರ್ಷಗಳ ನಂತರವೂ ಲಂಡನ್ನಿನ ಬಹುಪಾಲು ಮನೆಗಳು ಮರದವೇ ಆಗಿದ್ದವು. ಮೇಲಿನ ಅಂತಸ್ತುಗಳು ಬೀದಿಯತ್ತ ಚಾಚಿಕೊಂಡು, ಓಣಿಯ ಆಚೆ ಈಚೆಯ ಮನೆಗಳು ತಲೆಗೆ ತಲೆ ತಾಗಿಸಿದಂತೆ ನಿಂತಿದ್ದವು.

1666ರ ಸೆಪ್ಟೆಂಬರ್ 2ರಂದು ಪುಡಿಂಗ್ ಲೇನ್ ಎಂಬ ಓಣಿಯ ಬೇಕರಿಯೊಂದರಲ್ಲಿ ಹೊತ್ತಿದ ಬೆಂಕಿ ನಾಲ್ಕು ದಿನ ಉರಿದು ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ನುಂಗಿತು. ಮರುವರ್ಷ ಪಾರ್ಲಿಮೆಂಟು ಮಾಡಿದ ಕಾಯ್ದೆ ಕಟ್ಟಡಗಳ ಚರಿತ್ರೆಯಲ್ಲಿ ಒಂದು ಮೈಲಿಗಲ್ಲು. ಹೊಸ ಮನೆಗಳ ಹೊರಗೋಡೆಗಳು ಇಟ್ಟಿಗೆಯವು, ಇಲ್ಲವೇ ಕಲ್ಲಿನವು ಆಗಿರಬೇಕೆಂದು ಅದು ವಿಧಿಸಿತು. ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಯಾವ ದರ್ಜೆಗೆ ಎಷ್ಟು ದಪ್ಪದ ಗೋಡೆ ಎಂದು ಪಟ್ಟಿಯನ್ನೇ ಕೊಟ್ಟಿತು. ಬೀದಿಯತ್ತ ಚಾಚುವ ಮಹಡಿಗಳು ಹೋದವು. 1707 ಮತ್ತು 1709ರಲ್ಲಿ ಬಂದ ಕಾಯ್ದೆಗಳು ಇನ್ನೂ ಮುಂದೆ ಹೋದವು. ಸೂರಿನಂಚಿನ ಮರದ ಅಲಂಕಾರ ಪಟ್ಟಿಗಳನ್ನು ನಿಷೇಧಿಸಲಾಯಿತು. ಕಿಟಕಿಯ ಮರದ ಚೌಕಟ್ಟನ್ನು ಗೋಡೆಯ ಮುಖಕ್ಕಿಂತ ನಾಲ್ಕು ಇಂಚು ಒಳಗೆ ಕೂರಿಸಬೇಕಾಯಿತು. ಹಳೆಯ ಲಂಡನ್ ಮನೆಗಳ ಗಂಭೀರ ಚೆಲುವೆಂದು ಇಂದು ಮೆಚ್ಚುವ ಎಷ್ಟೋ ಲಕ್ಷಣಗಳು ಹುಟ್ಟಿದ್ದು ಹೀಗೆ, ಬೆಂಕಿಯ ಭಯದಿಂದ.

ಈ ಕಾಯ್ದೆಗಳ ಹಿಂದಿನ ತಿಳಿವಳಿಕೆ ಸರಳ. ಒಂದು ಮನೆ ಸುಟ್ಟರೆ ಅದು ಆ ಮನೆಯ ದುರ್ದೈವ. ಅದರ ಬೆಂಕಿ ಪಕ್ಕದ ಮನೆಗೆ ದಾಟಿದರೆ ಅದು ಕಟ್ಟಿದವರ ತಪ್ಪು. ಬೆಂಕಿ ಹೊರಗೋಡೆಯ ಮೇಲೆ ಹತ್ತಿ ಹರಡಬಾರದು ಎಂಬುದೂ ಆಗಲೇ ಬರವಣಿಗೆಯಲ್ಲಿ ಬಂದಿತ್ತು. ಈ ಮಾತನ್ನು ನೆನಪಿನಲ್ಲಿಡಬೇಕು. ಮೂರು ನೂರು ವರ್ಷಗಳ ನಂತರ ಅದೇ ನಗರ ಅದನ್ನು ಮರೆಯಲಿತ್ತು.

ಕಬ್ಬಿಣ ಕೈಕೊಟ್ಟದ್ದು

ಹದಿನೆಂಟನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ನೂಲಿನ ಗಿರಣಿಗಳು ತಲೆಯೆತ್ತಿದವು. ಐದಾರು ಅಂತಸ್ತಿನ ಕಟ್ಟಡ, ಎಣ್ಣೆ ಕುಡಿದ ಮರದ ನೆಲ, ಗಾಳಿಯಲ್ಲಿ ತೇಲುವ ಹತ್ತಿಯ ಎಳೆ, ಬೆಳಕಿಗೆ ಬರಿಯ ದೀಪದ ಕುಡಿ. ಇವೆಲ್ಲ ಸೇರಿದರೆ ಆಗುವುದೇನೆಂದು ಹೇಳಬೇಕಾಗಿಲ್ಲ. ಗಿರಣಿಗಳು ಒಂದರ ಹಿಂದೆ ಒಂದು ಸುಟ್ಟವು. ಆಗ ಡರ್ಬಿಯ ವಿಲಿಯಂ ಸ್ಟ್ರಟ್ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ, ಮರದ ತೊಲೆಗಳಿಗೆ ಗಾರೆ ಮೆತ್ತಿಸಿ, ತೊಲೆಯಿಂದ ತೊಲೆಗೆ ಇಟ್ಟಿಗೆಯ ಕಿರುಕಮಾನುಗಳನ್ನು ಹಾಯಿಸಿ ನೆಲ ಮಾಡಿದ. 1797ರಲ್ಲಿ ಶ್ರೂಸ್‌ಬರಿಯಲ್ಲಿ ಚಾರ್ಲ್ಸ್ ಬೇಜ್ ತೊಲೆಗಳನ್ನೂ ಕಬ್ಬಿಣದಿಂದಲೇ ಎರಕ ಹೊಯ್ಸಿದ. ಆ ನಾರುಗಿರಣಿ ಇಂದಿಗೂ ನಿಂತಿದೆ. ಜೀರ್ಣೋದ್ಧಾರಗೊಂಡು 2022ರಲ್ಲಿ ಸಾರ್ವಜನಿಕರಿಗೆ ತೆರೆದ ಆ ಕಟ್ಟಡವನ್ನು ಗಗನಚುಂಬಿಗಳ ಅಜ್ಜ ಎಂದು ಕರೆಯುವುದುಂಟು.

ಕಬ್ಬಿಣ ಉರಿಯುವುದಿಲ್ಲ. ಆದ್ದರಿಂದ ಕಬ್ಬಿಣದ ಕಟ್ಟಡಕ್ಕೆ ಬೆಂಕಿಯ ಭಯವಿಲ್ಲ ಎಂಬ ನಂಬಿಕೆ ಬೇರೂರಿತು. ಮೂರ್ನಾಲ್ಕು ತಲೆಮಾರಿನ ಎಂಜಿನಿಯರುಗಳು ಇದನ್ನು ನಂಬಿದರು.

ಆದರೆ ಕುಲುಮೆಯ ಮುಂದೆ ಕೂತ ಕಮ್ಮಾರನನ್ನು ಕೇಳಿದ್ದರೆ ಅವನು ಬೇರೆಯೇ ಮಾತು ಹೇಳುತ್ತಿದ್ದ. ಕಬ್ಬಿಣ ಕರಗಲು ಬಹಳ ಕಾವು ಬೇಕು, ನಿಜ. ಉಕ್ಕು ಕರಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಮೆತ್ತಗಾಗಲು ಅಷ್ಟು ಬೇಕಿಲ್ಲ. ಸುಮಾರು 550 ಡಿಗ್ರಿಯಲ್ಲೇ ಉಕ್ಕು ತನ್ನ ಶಕ್ತಿಯ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಸಾಮಾನು ತುಂಬಿದ ಕೋಣೆಯೊಂದು ಪೂರ್ತಿ ಹೊತ್ತಿಕೊಂಡರೆ ಇದಕ್ಕಿಂತ ಹೆಚ್ಚು ಕಾವು ಕೆಲವೇ ನಿಮಿಷಗಳಲ್ಲಿ ಏಳುತ್ತದೆ. ಸಾಲದೆಂಬಂತೆ ಕಾದ ಲೋಹ ಹಿಗ್ಗುತ್ತದೆ. ಹತ್ತು ಮೀಟರ್ ಉದ್ದದ ತೊಲೆಯ ಉಷ್ಣತೆ 500 ಡಿಗ್ರಿ ಏರಿದರೆ ಅದು ಸುಮಾರು ಆರು ಸೆಂಟಿಮೀಟರ್ ಉದ್ದವಾಗಿ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಎರಕದ ಕಬ್ಬಿಣದ ಕಂಬ ಕೆಂಪಗೆ ಕಾದಿರುವಾಗ ಅದರ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಟ್ಟು ಒಡೆಯಬಹುದು. ಮರದ ದಪ್ಪ ತೊಲೆಯಾದರೋ ಹೊರಗೆ ಇದ್ದಿಲಾಗುತ್ತದೆ, ಆ ಇದ್ದಿಲೇ ಒಳಗಿನ ತಿರುಳಿಗೆ ಹೊದಿಕೆಯಾಗಿ ಸ್ವಲ್ಪ ಹೊತ್ತು ಭಾರ ಹೊರುತ್ತದೆ. ಬರಿಮೈಯ ಕಬ್ಬಿಣಕ್ಕೆ ಆ ಭಾಗ್ಯವೂ ಇಲ್ಲ.

ಈ ಅಪಾಯವನ್ನು ಮೊದಲೇ ಕಂಡವರಲ್ಲಿ ಲಂಡನ್ನಿನ ಅಗ್ನಿಶಾಮಕ ಮುಖ್ಯಸ್ಥ ಜೇಮ್ಸ್ ಬ್ರೇಡ್‌ವುಡ್ ಪ್ರಮುಖ. ಅಡೆತಡೆಯಿಲ್ಲದ ದೊಡ್ಡ ದೊಡ್ಡ ಉಗ್ರಾಣಗಳ ಬಗ್ಗೆ, ಮುಚ್ಚಿಗೆಯಿಲ್ಲದ ಕಬ್ಬಿಣದ ಬಗ್ಗೆ ಆತ ಎಚ್ಚರಿಸುತ್ತಲೇ ಬಂದಿದ್ದ. 1861ರ ಜೂನ್ 22ರಂದು ಥೇಮ್ಸ್ ದಂಡೆಯ ಟೂಲಿ ಬೀದಿಯ ಉಗ್ರಾಣಗಳಿಗೆ ಬೆಂಕಿ ಬಿತ್ತು. ಉಗ್ರಾಣಗಳ ನಡುವೆ ಕಬ್ಬಿಣದ ಬಾಗಿಲುಗಳಿದ್ದವು. ಬೆಂಕಿಯನ್ನು ತಡೆಯಲೆಂದೇ ಇಟ್ಟ ಬಾಗಿಲುಗಳು. ಆದರೆ ಅವು ತೆರೆದೇ ಇದ್ದವು. ಬೆಂಕಿ ಕೋಣೆಯಿಂದ ಕೋಣೆಗೆ ಸರಾಗವಾಗಿ ನಡೆದುಹೋಯಿತು. ಅಂದು ಸಂಜೆ ಕುಸಿದ ಗೋಡೆಯೊಂದರ ಅಡಿಯಲ್ಲಿ ಬ್ರೇಡ್‌ವುಡ್ ಪ್ರಾಣ ಬಿಟ್ಟ. ಬೆಂಕಿ ಪೂರ್ತಿ ಆರಲು ಎರಡು ವಾರ ಬೇಕಾಯಿತು. ತಡೆಬಾಗಿಲು ಇದ್ದರೆ ಸಾಲದು, ಅದು ಮುಚ್ಚಿರಬೇಕು ಎಂಬ ಪಾಠ ಅಂದೇ ಸಿಕ್ಕಿತ್ತು.

ಹತ್ತು ವರ್ಷಗಳ ನಂತರ, 1871ರ ಅಕ್ಟೋಬರಿನಲ್ಲಿ ಅಮೆರಿಕದ ಶಿಕಾಗೋ ಉರಿಯಿತು. ಸುಮಾರು ಮುನ್ನೂರು ಜನ ಸತ್ತು, ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಬೆಂಕಿಗೆ ಬಗ್ಗದವೆಂದು ಹೆಸರು ಪಡೆದಿದ್ದ ಕಬ್ಬಿಣದ ಕಟ್ಟಡಗಳು ಸೊಟ್ಟಗಾಗಿ ಬಿದ್ದವು. ಅಲ್ಲಿಂದ ಮುಂದೆ ಎಂಜಿನಿಯರುಗಳು ಕಬ್ಬಿಣಕ್ಕೆ ಅಂಗಿ ತೊಡಿಸಲು ಕಲಿತರು. ಒಳಗೆ ಪೊಳ್ಳಾದ ಸುಟ್ಟಮಣ್ಣಿನ ಇಟ್ಟಿಗೆಗಳನ್ನು ಕಂಬಗಳ ಸುತ್ತ, ತೊಲೆಗಳ ಅಡಿ ಜೋಡಿಸಿದರು. ಶಿಕಾಗೋದ ಮೊದಲ ಗಗನಚುಂಬಿಗಳು ನಿಂತದ್ದು ಉಕ್ಕಿನ ಬಲದಿಂದ ಮಾತ್ರವಲ್ಲ, ಆ ಉಕ್ಕನ್ನು ಹೊದಿಸಿದ ಕುಂಬಾರಿಕೆಯ ಬಲದಿಂದಲೂ ಹೌದು.

1903: ಒಂದು ಪದ ಬಿದ್ದ ವರ್ಷ

ಮೈಸೂರಿನ ಅರಮನೆ ಸುಟ್ಟ 1897ರಲ್ಲಿಯೇ ಲಂಡನ್ನಿನಲ್ಲಿ ಎಡ್ವಿನ್ ಸ್ಯಾಕ್ಸ್ ಎಂಬ ವಾಸ್ತುಶಿಲ್ಪಿ ಬ್ರಿಟಿಷ್ ಅಗ್ನಿ ನಿವಾರಣಾ ಸಮಿತಿಯನ್ನು ಕಟ್ಟಿದ. ಆ ವರ್ಷದ ಮೇ ತಿಂಗಳಿನಲ್ಲಿ ಪ್ಯಾರಿಸ್ಸಿನ ಧರ್ಮಾರ್ಥ ಸಂತೆಯೊಂದರಲ್ಲಿ ನೂರಕ್ಕೂ ಹೆಚ್ಚು ಜನ ಸುಟ್ಟು ಸತ್ತಿದ್ದರು. ಸ್ಯಾಕ್ಸ್‌ನ ಸಮಿತಿ ಕಟ್ಟಡಗಳ ಬಗ್ಗೆ ಉಪನ್ಯಾಸ ಮಾಡಿ ಸುಮ್ಮನಾಗಲಿಲ್ಲ. ಗೋಡೆ, ಬಾಗಿಲು, ನೆಲಗಳನ್ನು ಕಟ್ಟಿ, ಅವುಗಳ ಕೆಳಗೆ ಬೆಂಕಿ ಹಾಕಿ, ಗಡಿಯಾರ ಹಿಡಿದು ನೋಡಿತು. 1903ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಒಂದು ಮುಖ್ಯ ತೀರ್ಮಾನವಾಯಿತು. ಯಾವ ಕಟ್ಟಡವನ್ನೂ ‘ಫೈರ್‌ಪ್ರೂಫ್’, ಅಂದರೆ ಬೆಂಕಿ ಸೋಕದ್ದು ಎಂದು ಕರೆಯಬಾರದು. ಹೆಚ್ಚೆಂದರೆ ‘ಬೆಂಕಿಯನ್ನು ತಾಳಿಕೊಳ್ಳುವಂಥದು’ ಎನ್ನಬಹುದು. ಇದು ಬರಿಯ ಪದದ ಜಗಳವಾಗಿರಲಿಲ್ಲ. ಸೋಕದ್ದು ಎಂದರೆ ನಿಶ್ಚಿಂತೆ. ತಾಳಿಕೊಳ್ಳುವುದು ಎಂದಾಗ ಎಷ್ಟು ಹೊತ್ತು ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ಆ ವರ್ಷ ಮುಗಿಯುವ ಮೊದಲೇ ಈ ವ್ಯತ್ಯಾಸದ ಬೆಲೆ ತಿಳಿಯಿತು. ಶಿಕಾಗೋದ ಇರೊಕ್ವಾ ಎಂಬ ಹೊಸ ನಾಟಕಶಾಲೆಯನ್ನು ‘ಸಂಪೂರ್ಣ ಫೈರ್‌ಪ್ರೂಫ್’ ಎಂದು ಜಾಹೀರಾತು ಮಾಡಲಾಗಿತ್ತು. ಡಿಸೆಂಬರ್ 30ರ ಮಧ್ಯಾಹ್ನದ ಆಟಕ್ಕೆ ಬಂದವರಲ್ಲಿ ಹೆಚ್ಚಿನವರು ತಾಯಂದಿರು ಮತ್ತು ರಜೆಯಲ್ಲಿದ್ದ ಮಕ್ಕಳು. ರಂಗದ ದೀಪದಿಂದ ಪರದೆಗೆ ಕಿಡಿ ತಗುಲಿತು. ಬೆಂಕಿ ತಡೆಯಬೇಕಾಗಿದ್ದ ಪರದೆ ಅರ್ಧಕ್ಕೇ ಸಿಕ್ಕಿಕೊಂಡಿತು. ಹೊಗೆ ಹೊರಹೋಗಲು ರಂಗದ ಮೇಲೆ ಇಟ್ಟಿದ್ದ ಕಿಂಡಿಗಳು ಮುಚ್ಚಿದ್ದವು. ಕೆಲವು ಬಾಗಿಲುಗಳಿಗೆ ಬೀಗ. ಕೆಲವು ಒಳಮುಖವಾಗಿ ತೆರೆಯುವಂಥವು, ನೂಕುವ ಜನರ ಒತ್ತಡಕ್ಕೆ ಅವು ತೆರೆಯಲೇ ಇಲ್ಲ. ಅಂದು ಸತ್ತವರು 602 ಮಂದಿ. ಕಟ್ಟಡದ ಗೋಡೆಗಳಿಗೆ ಮಾತ್ರ ದೊಡ್ಡ ಹಾನಿಯೇನೂ ಆಗಲಿಲ್ಲ. ಜಾಹೀರಾತು ಹೇಳಿದ್ದು ಒಂದರ್ಥದಲ್ಲಿ ನಿಜವಾಗಿತ್ತು. ಕಟ್ಟಡ ಉಳಿಯಿತು, ಜನ ಉಳಿಯಲಿಲ್ಲ.

ನ್ಯೂಯಾರ್ಕಿನಲ್ಲಿ 1911ರ ಮಾರ್ಚ್ 25ರಂದು ನಡೆದದ್ದೂ ಇದೇ. ಹತ್ತು ಮಹಡಿಯ ಕಟ್ಟಡದ ಮೇಲಿನ ಮೂರು ಅಂತಸ್ತುಗಳಲ್ಲಿದ್ದ ಟ್ರಯಾಂಗಲ್ ಸಿದ್ಧ ಉಡುಪು ಕಾರ್ಖಾನೆಗೆ ಬೆಂಕಿ ಬಿತ್ತು. ಒಂದು ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಲಾಗಿತ್ತು. ಹೊರಗಿನ ಕಬ್ಬಿಣದ ಏಣಿಮೆಟ್ಟಿಲು ಜನರ ಭಾರಕ್ಕೆ ಕಿತ್ತುಬಂತು. 146 ಕಾರ್ಮಿಕರು ಸತ್ತರು. ಹೆಚ್ಚಿನವರು ಹೊರದೇಶಗಳಿಂದ ದುಡಿಯಲು ಬಂದ ಎಳೆಯ ಹೆಣ್ಣುಮಕ್ಕಳು. ಆ ಕಟ್ಟಡ ಇಂದಿಗೂ ಇದೆ, ವಿಶ್ವವಿದ್ಯಾಲಯದ ತರಗತಿಗಳು ಅಲ್ಲಿ ನಡೆಯುತ್ತವೆ.

ಈ ಎರಡು ದುರಂತಗಳ ನಂತರ ಪ್ರಶ್ನೆಯೇ ಬದಲಾಯಿತು. ಅಲ್ಲಿಯವರೆಗೆ ಕಾಯ್ದೆಗಳು ಕಟ್ಟಡವನ್ನು, ಸರಕನ್ನು, ಊರನ್ನು ಉಳಿಸುವ ಬಗ್ಗೆ ಯೋಚಿಸಿದ್ದವು. ಇನ್ನು ಮುಂದೆ ಒಳಗಿದ್ದವರು ಹೊರಬರುವ ದಾರಿಯ ಬಗ್ಗೆ ಯೋಚಿಸಬೇಕಾಯಿತು. ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗಿನಿಂದ ನೂಕಿದರೆ ಸಾಕು ತೆರೆದುಕೊಳ್ಳಬೇಕು, ದಾರಿ ತೋರುವ ಫಲಕ ಇರಬೇಕು, ಒಂದಲ್ಲ ಎರಡು ಮೆಟ್ಟಿಲುಗಳಿರಬೇಕು ಎಂಬ ನಿಯಮಗಳು ಬೇರೂರಿದವು.

ಗಂಟೆಯಲ್ಲಿ ಅಳೆಯುವ ಗೋಡೆ

ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಉತ್ತರ ಕೊಡಲು ಒಂದು ಅಳತೆಗೋಲು ಬೇಕಿತ್ತು. ಅಮೆರಿಕದಲ್ಲಿ 1918ರಲ್ಲಿ ಒಪ್ಪಿತವಾದ ಪರೀಕ್ಷೆ ಅದನ್ನು ಒದಗಿಸಿತು. ಗೋಡೆಯ ಒಂದು ತುಂಡನ್ನು ದೊಡ್ಡ ಕುಲುಮೆಯ ಬಾಯಿಗೆ ನಿಲ್ಲಿಸುತ್ತಾರೆ. ಕುಲುಮೆಯ ಕಾವನ್ನು ಗೊತ್ತಾದ ಕ್ರಮದಲ್ಲೇ ಏರಿಸಬೇಕು. ಐದು ನಿಮಿಷಕ್ಕೆ 538 ಡಿಗ್ರಿ, ಒಂದು ಗಂಟೆಗೆ 927 ಡಿಗ್ರಿ, ಎರಡು ಗಂಟೆಗೆ 1,010 ಡಿಗ್ರಿ ಸೆಲ್ಸಿಯಸ್. ಗೋಡೆ ಕುಸಿಯಬಾರದು, ಬಿರುಕಿನಿಂದ ಜ್ವಾಲೆ ಈಚೆ ಬರಬಾರದು, ಈಚೆ ಬದಿಯ ಮೈ ಮಿತಿಮೀರಿ ಕಾಯಬಾರದು. ಇವುಗಳಲ್ಲಿ ಯಾವುದು ಮೊದಲು ತಪ್ಪುತ್ತದೋ ಅಲ್ಲಿಗೆ ಗಡಿಯಾರ ನಿಲ್ಲುತ್ತದೆ. ಎರಡು ಗಂಟೆಯ ಗೋಡೆ, ಒಂದು ಗಂಟೆಯ ಬಾಗಿಲು ಎಂಬ ಮಾತುಗಳು ಬಂದದ್ದು ಹೀಗೆ. ಇದೇ ಮಾದರಿಯ ಪರೀಕ್ಷೆಗಳು ಇತರ ದೇಶಗಳಲ್ಲೂ ಬಂದವು. ಭಾರತೀಯ ಮಾನಕಗಳಲ್ಲೂ ಅದಕ್ಕೆ ಸ್ಥಾನವಿದೆ.

ಗೋಡೆ ಆ ಒಂದು ಗಂಟೆಯನ್ನು ಸಂಪಾದಿಸುವ ಬಗೆಗಳು ಸ್ವಾರಸ್ಯಕರ. ಕಾಂಕ್ರೀಟು ಕಾವನ್ನು ನಿಧಾನವಾಗಿ ಒಳಗೆ ಬಿಡುತ್ತದೆ. ಆದ್ದರಿಂದಲೇ ಕಂಬಿಗಳ ಮೇಲೆ ಸಾಕಷ್ಟು ದಪ್ಪದ ಹೊದಿಕೆ ಇರಬೇಕೆನ್ನುವುದು. ತುಕ್ಕಿಗೆ ಮಾತ್ರವಲ್ಲ, ಬೆಂಕಿಗೂ ಅದು ಬೇಕು. ಜಿಪ್ಸಂ ಹಲಗೆಯ ತೂಕದ ಐದನೆಯ ಒಂದು ಭಾಗದಷ್ಟು ಅದರ ಹರಳಿನಲ್ಲಿ ಬೆರೆತ ನೀರು. ಆ ನೀರೆಲ್ಲ ಆವಿಯಾಗುವವರೆಗೆ ಹಲಗೆಯ ಆಚೆ ಬದಿ ಬಹುಮಟ್ಟಿಗೆ ಕುದಿಯುವ ನೀರಿನ ಕಾವಿನ ಆಸುಪಾಸಿನಲ್ಲೇ ಉಳಿಯುತ್ತದೆ. ಉಕ್ಕಿಗೆ ಬಳಿಯುವ ಒಂದು ಬಗೆಯ ಬಣ್ಣವಿದೆ. ನೋಡಲು ಸಾಮಾನ್ಯ ಬಣ್ಣದಂತೆಯೇ ಇದ್ದು, ಕಾವು ತಾಗಿದೊಡನೆ ಹಲವು ಪಟ್ಟು ಉಬ್ಬಿ ಇದ್ದಿಲಿನ ನೊರೆಯಾಗಿ ಉಕ್ಕನ್ನು ಮುಚ್ಚಿಕೊಳ್ಳುತ್ತದೆ. ಒಂದು ಕಾಲದಲ್ಲಿ ಈ ಕೆಲಸಕ್ಕೆ ಎಲ್ಲೆಡೆ ಕಲ್ನಾರನ್ನು ಬಳಸುತ್ತಿದ್ದರು. ಅದರ ದೂಳು ಶ್ವಾಸಕೋಶಕ್ಕೆ ಮಾರಕವೆಂದು, ಕ್ಯಾನ್ಸರ್ ತರುವುದೆಂದು ಸಿದ್ಧವಾದ ಮೇಲೆ ಅನೇಕ ದೇಶಗಳು ಅದನ್ನು ನಿಷೇಧಿಸಿದವು.

ಹೊಗೆಯ ದಾರಿ

ಗೋಡೆ ಎಷ್ಟೇ ಗಟ್ಟಿಯಾಗಿರಲಿ, ಅದರಲ್ಲಿ ತೂತುಗಳು ಇದ್ದೇ ಇರುತ್ತವೆ. ಬಾಗಿಲು, ಲಿಫ್ಟಿನ ಬಾವಿ, ವಿದ್ಯುತ್ ತಂತಿಗಳು ಮಹಡಿಯಿಂದ ಮಹಡಿಗೆ ಏರುವ ಡಕ್ಟು, ಹವಾನಿಯಂತ್ರಣದ ಕೊಳವೆ. ಇಪ್ಪತ್ತನೆಯ ಶತಮಾನದ ಎತ್ತರದ ಕಟ್ಟಡಗಳಲ್ಲಿ ಈ ತೂತುಗಳೇ ಮೃತ್ಯುದ್ವಾರಗಳಾದವು. ಏಕೆಂದರೆ ಬೆಂಕಿಗಿಂತ ಹೊಗೆ ವೇಗವಾಗಿ ಹರಡುತ್ತದೆ. ಅದು ಹೊತ್ತುತರುವ ಇಂಗಾಲದ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಟ್ಟಡದ ಬೆಂಕಿಯಲ್ಲಿ ಸಾಯುವವರಲ್ಲಿ ಎಷ್ಟೋ ಜನರ ಮೈಗೆ ಜ್ವಾಲೆ ತಾಗಿರುವುದೇ ಇಲ್ಲ.

ಅಮೆರಿಕದ ಲಾಸ್ ವೇಗಸ್ ನಗರದ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ 1980ರ ನವೆಂಬರ್ 21ರಂದು ಬೆಂಕಿ ಹತ್ತಿದ್ದು ಕೆಳ ಅಂತಸ್ತಿನಲ್ಲಿ. ಸತ್ತ 85 ಮಂದಿಯಲ್ಲಿ ಬಹುಪಾಲು ಜನ ಇದ್ದದ್ದು ಬಹಳ ಮೇಲಿನ ಮಹಡಿಗಳಲ್ಲಿ. ಮೆಟ್ಟಿಲು, ಲಿಫ್ಟಿನ ಬಾವಿಗಳ ಮೂಲಕ ಏರಿದ ಹೊಗೆ ಅವರನ್ನು ಬಲಿ ತೆಗೆದುಕೊಂಡಿತು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ನೆಲ ಅಂತಸ್ತಿನ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಬೆಂಕಿಯ ಹೊಗೆ ಬಾಲ್ಕನಿಗೆ ಏರಿತು. ಹೆಚ್ಚುವರಿ ಆಸನಗಳಿಗಾಗಿ ಅಲ್ಲಿನ ಓಡಾಟದ ಹಾದಿಯನ್ನೇ ಮುಚ್ಚಲಾಗಿತ್ತು. 59 ಜನ ಉಸಿರುಗಟ್ಟಿ ಸತ್ತರು. ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ 2011ರ ಡಿಸೆಂಬರ್ 9ರ ನಸುಕಿನಲ್ಲಿ ಬೆಂಕಿ ಹೊತ್ತಿದ್ದು ನೆಲಮಾಳಿಗೆಯಲ್ಲಿ. ಹೊಗೆಗೆ ಸಿಲುಕಿದವರು ಮೇಲಿನ ವಾರ್ಡುಗಳ ರೋಗಿಗಳು.

ಬೆಂಗಳೂರಿಗೆ ಈ ಪಾಠ ಬಂದದ್ದು 2010ರ ಫೆಬ್ರುವರಿ 23ರಂದು, ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ. ವಿದ್ಯುತ್ ಡಕ್ಟಿನಲ್ಲಿ ಎದ್ದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರಾಡಲಾರದೆ ಕೆಲವರು ಕಿಟಕಿಗಳಿಂದ ಜಿಗಿದರು. ಒಂಬತ್ತು ಜನ ಪ್ರಾಣ ಕಳೆದುಕೊಂಡರು. ಆ ದೃಶ್ಯಗಳನ್ನು ದೂರದರ್ಶನದ ಪರದೆಯ ಮೇಲೆ ಕಂಡ ಊರು ಬೆಚ್ಚಿಬಿತ್ತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇಂಥ ಡಕ್ಟನ್ನು ಪ್ರತಿ ಮಹಡಿಯಲ್ಲೂ ಬೆಂಕಿ ತಾಳುವ ವಸ್ತುವಿನಿಂದ ಮುಚ್ಚಬೇಕು ಎಂಬುದು ಹೊಸ ಜ್ಞಾನವೇನಲ್ಲ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದದ್ದು 1970ರಲ್ಲಿ. 1983, 2005 ಮತ್ತು 2016ರಲ್ಲಿ ಅದು ಪರಿಷ್ಕಾರಗೊಂಡಿತು. ಅದರ ನಾಲ್ಕನೆಯ ಭಾಗ ಪೂರ್ತಿಯಾಗಿ ಬೆಂಕಿ ಮತ್ತು ಜೀವರಕ್ಷಣೆಗೆ ಮೀಸಲು. ಮೆಟ್ಟಿಲು ಎಷ್ಟು ಅಗಲ, ಬಾಗಿಲು ಎಷ್ಟು ದೂರ, ಡಕ್ಟನ್ನು ಹೇಗೆ ಮುಚ್ಚಬೇಕು, ಎಲ್ಲವೂ ಅದರಲ್ಲಿದೆ. ಕೊರತೆ ಇರುವುದು ಪುಸ್ತಕದಲ್ಲಲ್ಲ. ಕಟ್ಟಡ ಮುಗಿದ ಮೇಲೆ ಹೊಸ ಕೇಬಲ್ ಎಳೆಯಲು ಬಂದವನು ಗೋಡೆ ಕೊರೆದು ತನ್ನ ಕೆಲಸ ಮುಗಿಸಿ ಹೋಗುತ್ತಾನೆ. ಆ ತೂತನ್ನು ಮುಚ್ಚುವ ಹೊಣೆ ಯಾರದೂ ಅಲ್ಲ.

ಲಂಡನ್ ಮರೆತದ್ದು

ಮರೆಯುವುದರಲ್ಲಿ ಸಿರಿವಂತ ದೇಶಗಳೂ ಹಿಂದೆ ಬಿದ್ದಿಲ್ಲ. ಲಂಡನ್ನಿನ ಗ್ರೆನ್‌ಫೆಲ್ ಟವರ್ 1974ರಲ್ಲಿ ಮುಗಿದ, 24 ಅಂತಸ್ತಿನ ಕಾಂಕ್ರೀಟ್ ಕಟ್ಟಡ. ಪ್ರತಿ ಮನೆಯೂ ಬೆಂಕಿಯನ್ನು ಕೂಡಿಹಾಕಬಲ್ಲ ಪೆಟ್ಟಿಗೆ ಎಂಬ ಲೆಕ್ಕಾಚಾರದಲ್ಲಿ ಕಟ್ಟಿದ್ದು. ಆದ್ದರಿಂದ ಬೇರೆ ಮನೆಯಲ್ಲಿ ಬೆಂಕಿ ಬಿದ್ದರೆ ಉಳಿದವರು ತಮ್ಮ ಮನೆಯೊಳಗೇ ಇರಬೇಕೆಂಬುದು ಅಲ್ಲಿನ ನಿವಾಸಿಗಳಿಗೆ ಕೊಟ್ಟಿದ್ದ ಸಲಹೆ. ಆದರೆ 2016ರಲ್ಲಿ ಮುಗಿದ ನವೀಕರಣದಲ್ಲಿ ಕಟ್ಟಡದ ಹೊರಮೈಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತುಂಬಿದ ಫಲಕಗಳನ್ನು ಹೊದಿಸಲಾಯಿತು. 2017ರ ಜೂನ್ 14ರ ನಡುರಾತ್ರಿ ನಾಲ್ಕನೆಯ ಮಹಡಿಯ ಅಡುಗೆಮನೆಯೊಂದರ ಫ್ರಿಜ್ಜಿನಿಂದ ಹುಟ್ಟಿದ ಬೆಂಕಿ ಕಿಟಕಿಯ ಮೂಲಕ ಆ ಹೊದಿಕೆಗೆ ತಗುಲಿತು. ಅರ್ಧ ಗಂಟೆಯೊಳಗೆ ಅದು ತುದಿ ಮುಟ್ಟಿತು. ಒಳಗಿನ ಗೋಡೆಗಳು ಗಟ್ಟಿಯಾಗಿದ್ದವು. ಬೆಂಕಿ ಗೋಡೆಗಳನ್ನು ದಾಟಲಿಲ್ಲ, ಹೊರಗಿನಿಂದ ಸುತ್ತಿ ಬಂತು. ಹಲವು ಮನೆಗಳ ಬಾಗಿಲುಗಳು ತಾನಾಗಿ ಮುಚ್ಚಿಕೊಳ್ಳಲಿಲ್ಲ, ಒಂದೇ ಒಂದು ಮೆಟ್ಟಿಲಿನ ದಾರಿಗೆ ಹೊಗೆ ನುಗ್ಗಿತು. ಸಲಹೆಯನ್ನು ನಂಬಿ ಒಳಗೇ ಉಳಿದವರೂ ಸೇರಿ 72 ಜನ ಸತ್ತರು.

ವಿಚಾರಣಾ ಆಯೋಗದ ಅಂತಿಮ ವರದಿ ಬಂದದ್ದು 2024ರ ಸೆಪ್ಟೆಂಬರಿನಲ್ಲಿ. ಸರ್ಕಾರ, ಸ್ಥಳೀಯ ಆಡಳಿತ, ಫಲಕಗಳನ್ನು ಮಾಡಿದವರು, ಮಾರಿದವರು, ಪರೀಕ್ಷಿಸಿದವರು ಹೀಗೆ ಹಲವರ ದಶಕಗಳ ವೈಫಲ್ಯವನ್ನು ಅದು ಪಟ್ಟಿ ಮಾಡಿತು. 1707ರಲ್ಲಿ ಸೂರಿನಂಚಿನ ಮರದ ಪಟ್ಟಿಯನ್ನೂ ಸಹಿಸದ ನಗರ, 2016ರಲ್ಲಿ ಇಡೀ ಕಟ್ಟಡಕ್ಕೆ ಉರಿಯುವ ಅಂಗಿ ತೊಡಿಸಿತ್ತು.

ಕಟ್ಟಡದೊಳಗಿನ ಆ ಒಂದು ಗಂಟೆ ಒಮ್ಮೆಗೇ ಕಳುವಾಗುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ, ಯಾರಿಗೂ ಗೊತ್ತಾಗದಂತೆ ಕಳುವಾಗುತ್ತದೆ. ಗಾಳಿ ಬರಲೆಂದು ಮೆಟ್ಟಿಲಿನ ತಡೆಬಾಗಿಲಿಗೆ ಇಟ್ಟಿಗೆ ಒತ್ತಿ ಇಡುತ್ತಾರೆ. ಎರಡನೆಯ ಮೆಟ್ಟಿಲಿನಡಿ ಹಳೆಯ ಹಾಸಿಗೆ, ಸೈಕಲ್ಲು, ರಟ್ಟಿನ ಪೆಟ್ಟಿಗೆ ತುಂಬುತ್ತಾರೆ. ಕಳ್ಳರ ಭಯಕ್ಕೆ ತಾರಸಿಯ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಕಾವಲುಗಾರನ ಕೈಗೆ ಕೊಡುತ್ತಾರೆ. ಇವುಗಳಲ್ಲಿ ಯಾವುದೂ ಮಾಡಿದ ದಿನ ಅಪರಾಧವೆನಿಸುವುದಿಲ್ಲ. 1861ರಲ್ಲಿ ಟೂಲಿ ಬೀದಿಯ ಉಗ್ರಾಣದ ಬಾಗಿಲನ್ನು ತೆರೆದಿಟ್ಟ ಕೂಲಿಗೂ ಅದು ಅಪರಾಧವೆನಿಸಿರಲಾರದು.

ಅಗ್ನಿಶಾಮಕ ವಾಹನ ಕೊಳ್ಳಲು ಕೋಟಿಗಟ್ಟಲೆ ಹಣ ಬೇಕು. ಬಾಗಿಲಿಗೆ ಒತ್ತಿಟ್ಟ ಇಟ್ಟಿಗೆಯನ್ನು ತೆಗೆಯಲು, ಮೆಟ್ಟಿಲಿನ ಮೇಲಿನ ಸಾಮಾನನ್ನು ಸರಿಸಲು, ಡಕ್ಟಿನ ತೂತಿಗೆ ಗಾರೆ ತುಂಬಲು ಅಷ್ಟು ಬೇಕಾಗುವುದಿಲ್ಲ. ಸುಮ್ಮನಿದ್ದೇ ಕಾಯುವ ಕಾವಲುಗಾರ ಕೇಳುವುದು ಇಷ್ಟನ್ನೇ. ಅವನು ಸಂಬಳ ಕೇಳುವುದಿಲ್ಲ, ರಜೆ ಹಾಕುವುದಿಲ್ಲ. ಅವನ ಕೈಕಟ್ಟಿ ಹಾಕದಿದ್ದರೆ ಸಾಕು.